ಕೆಳಗೆ ಬಿಸಿ ರೊಟ್ಟಿ, ಮೇಲೆ ಕಾದ ಗಾಜು: ಕಲಬುರಗಿಯ ಒಂದು ಕಾಂಪ್ಲೆಕ್ಸಿನಲ್ಲಿ 22 ತಿಂಗಳು

ಸರ್ದಾರ್ ವಲ್ಲಭಭಾಯಿ ಪಟೇಲ್ ವೃತ್ತದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ನೆಲಮಹಡಿಯೂ ಸೇರಿ ಏಳು ಅಂತಸ್ತಿನ ಒಂದು ಗಾಜಿನ ಕಾಂಪ್ಲೆಕ್ಸ್ ಇದೆ. ನಾನು ಅಲ್ಲಿ ಕಚೇರಿ ಇಟ್ಟುಕೊಂಡಿದ್ದೇನೆ ಎಂದು ತಿಳಿದವರು ಕೇಳುವ ಪ್ರಶ್ನೆಗಳು ಎರಡೇ: ಮನೆಮಂದಿಯನ್ನು ಕರೆದುಕೊಂಡು ಊಟಕ್ಕೆ ಹೋಗಬಹುದೇ, ಮತ್ತು ಅಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿಯಬಹುದೇ. ಮೊದಲನೆಯದಕ್ಕೆ ನಾನು ತಡಮಾಡದೆ ಹೌದು ಎನ್ನುತ್ತೇನೆ. ಎರಡನೆಯದಕ್ಕೆ ಮಾತ್ರ, ಕೋಣೆ ಯಾವ ದಿಕ್ಕಿಗಿದೆ, ನಿಮ್ಮನ್ನು ಕಾಣಲು ಬರುವವರು ಯಾರು ಎಂದು ಮರಳಿ ಕೇಳಬೇಕಾಗುತ್ತದೆ. ತೆರಿಗೆ ಸಲಹೆಗಾರನಾಗಿ ಐದನೆಯ ಮಹಡಿಯ ಪಶ್ಚಿಮದ ಕೋಣೆಯಲ್ಲಿ 22 ತಿಂಗಳು, ಅಂದರೆ ಹನ್ನೊಂದು ಹನ್ನೊಂದು ತಿಂಗಳ ಎರಡು ಒಪ್ಪಂದಗಳ ಕಾಲ ಕುಳಿತಿದ್ದೇನೆ. ಎರಡು ಬೇಸಿಗೆಗಳನ್ನು ಅಲ್ಲೇ ಕಳೆದಿದ್ದೇನೆ. ಕಟ್ಟಡದ ಹೆಸರನ್ನು ಬೇಕೆಂದೇ ಬರೆದಿಲ್ಲ. ನನ್ನ ಕೋಣೆಯ ಮಾಲೀಕರು ಒಬ್ಬರು, ನಿರ್ವಹಣೆ ನೋಡಿಕೊಳ್ಳುವವರು ಇನ್ನೊಬ್ಬರು, ಕಟ್ಟಿದವರು ಮೂರನೆಯವರು. ಯಾವ ದೂರು ಯಾರ ತಲೆಗೆ ಹೋಗಬೇಕು ಎಂಬುದು ನನಗೇ ಇನ್ನೂ ಪೂರ್ತಿ ಬಗೆಹರಿದಿಲ್ಲ.

ಒಳಗಿನ ಹಂಚಿಕೆಯನ್ನು ಮೊದಲು ಹೇಳುತ್ತೇನೆ. ನೆಲಮಹಡಿಯಲ್ಲಿ ಒಂದು ಬ್ಯಾಂಕ್ ಶಾಖೆ, ಒಂದು ಮೊಬೈಲ್ ಅಂಗಡಿ ಮತ್ತು ಜೋಳದ ರೊಟ್ಟಿಯ ಖಾನಾವಳಿ ಇವೆ. ಮೊದಲ ಮಹಡಿಯನ್ನು ಬಿರಿಯಾನಿ ಮತ್ತು ತಹರಿಯ ಹೋಟೆಲೊಂದು ಹಾಗೂ ಒಂದು ಕಾಫಿ ಅಂಗಡಿ ಹಂಚಿಕೊಂಡಿವೆ. ಎರಡರಿಂದ ಐದರವರೆಗೆ ವಕೀಲರು, ವಿಮೆಯವರು, ಒಂದು ಕೋಚಿಂಗ್ ತರಗತಿ, ಒಂದು ರಕ್ತ ತಪಾಸಣೆಯ ಲ್ಯಾಬ್ ಮತ್ತು ನಮ್ಮಂಥವರು. ಆರನೆಯ ಮಹಡಿಯಲ್ಲಿ, ಅರ್ಧ ಮಾಳಿಗೆಯನ್ನೂ ಸೇರಿಸಿಕೊಂಡು, ರಾತ್ರಿ ದೀಪದ ಸರ ಹಚ್ಚುವ ಫ್ಯಾಮಿಲಿ ರೆಸ್ಟೋರೆಂಟ್ ಇದೆ. ಎಲ್ಲಕ್ಕಿಂತ ಕೆಳಗೆ ಒಂದೇ ಹಂತದ ಪಾರ್ಕಿಂಗ್.

ಊಟದ ವಿಷಯವೇ ಸಂತೋಷದ್ದಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ. ನೆಲಮಹಡಿಯ ಖಾನಾವಳಿಯಲ್ಲಿ ಅಡುಗೆಮನೆಗೂ ಊಟದ ಸಾಲಿಗೂ ನಡುವೆ ಎದೆಮಟ್ಟದ ಒಂದು ಗೋಡೆ ಮಾತ್ರ ಇದೆ. ಅದರ ಮೇಲೆ ಗಾಜು. ಆ ಗಾಜಿನಾಚೆ ಇಬ್ಬರು ಹೆಣ್ಣುಮಕ್ಕಳು ಬೆಳಿಗ್ಗೆ ಹನ್ನೊಂದರಿಂದ ರೊಟ್ಟಿ ಬಡಿಯುತ್ತಾರೆ. ಜೋಳದ ಹಿಟ್ಟಿಗೆ ಗೋಧಿಯ ಹಾಗೆ ಜಿಗಿ ಇರುವುದಿಲ್ಲ. ಕುದಿಯುವ ನೀರು ಬೆರೆಸಿ, ಕೈ ಸುಡುವಾಗಲೇ ನಾದದಿದ್ದರೆ ಅಂಚು ಬಿರಿಯುತ್ತದೆ. ಅವರಲ್ಲಿ ಹಿರಿಯರು ಬಳೆಗಳನ್ನು ಮೊಣಕೈಯತ್ತ ಸರಿಸಿ, ಒಂದು ಉಂಡೆಯನ್ನು ಕಲ್ಲಿನ ಮೇಲೆ ತಿರುಗಿಸುತ್ತಾ ಬಡಿದು, ಅಂಗೈಯಗಲದಿಂದ ಗಂಗಾಳದಗಲಕ್ಕೆ ತಂದು, ಹಂಚಿಗೆ ಹಾಕಿದ ಕೂಡಲೇ ಒದ್ದೆ ಅರಿವೆಯಿಂದ ಮೇಲ್ಮೈಯನ್ನು ಒಂದೇ ಸಲ ಸವರುತ್ತಾರೆ. ಆ ನೀರು ಆರಿದ ಗಳಿಗೆಗೆ ಸರಿಯಾಗಿ ಮಗುಚುತ್ತಾರೆ. ಅಲ್ಲಿಂದ ನೇರವಾಗಿ ಕೆಂಡದ ಬದಿಗೆ. ರೊಟ್ಟಿ ಉಬ್ಬಿ ಬಂದಾಗ ನಿಮ್ಮ ತಟ್ಟೆಗೆ ಬೀಳುತ್ತದೆ, ಬೆರಳಿಟ್ಟರೆ ಉಗಿ ಹೊರಬರುತ್ತದೆ.

ಊಟವೊಂದಕ್ಕೆ 130 ರೂಪಾಯಿ. ಅದರಲ್ಲಿ ಬಿಸಿ ರೊಟ್ಟಿ ಎರಡು, ಬೇಕಾದರೆ ಕಡಕ್ ರೊಟ್ಟಿ ಎಷ್ಟಾದರೂ, ಎಣಗಾಯಿ, ಪುಂಡಿ ಪಲ್ಯ, ಬ್ಯಾಳಿ, ಶೇಂಗಾ ಹಿಂಡಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಕೊನೆಗೆ ಅನ್ನ. ಪುಂಡಿ ಪಲ್ಯದ ಹುಳಿಯನ್ನು ಬೆಲ್ಲ ಹಾಕಿ ಮುಚ್ಚುವ ಚಾಳಿ ಇಲ್ಲಿಲ್ಲ. ಬೆಳ್ಳುಳ್ಳಿ ಒಗ್ಗರಣೆಯೊಂದಿಗೆ ಹುಳಿ ಹುಳಿಯಾಗಿಯೇ ಇರುತ್ತದೆ, ಪರ ಊರಿನಿಂದ ಬಂದವರು ಮೊದಲ ತುತ್ತಿಗೆ ಕಣ್ಣು ಕಿರಿದಾಗಿಸುತ್ತಾರೆ. ಬ್ಯಾಳಿಯ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಲೇಬೇಕು. ನಮ್ಮ ಜಿಲ್ಲೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ (ಜಿಐ) ಮಾನ್ಯತೆ ಸಿಕ್ಕಿತು. ಹಾಗಿದ್ದೂ ಊರಿನ ಎಷ್ಟೋ ಹೋಟೆಲುಗಳಲ್ಲಿ ಬೇಳೆಗಿಂತ ನೀರೇ ಹೆಚ್ಚಿರುವ ಸಾರು ಬಡಿಸುತ್ತಾರೆ. ಇಲ್ಲಿನ ಬ್ಯಾಳಿ ಬೆಂದು ಕರಗಿದ್ದರೂ ಅಲ್ಲಲ್ಲಿ ಕಾಳಿನ ಆಕಾರ ಉಳಿದಿರುತ್ತದೆ, ಅದರ ಸಿಹಿಯೂ ನಾಲಿಗೆಗೆ ತಿಳಿಯುತ್ತದೆ. ಎಳ್ಳ ಅಮಾವಾಸ್ಯೆಯ ವಾರದಲ್ಲಿ ಭಜ್ಜಿ ಮತ್ತು ಸಜ್ಜಿ ರೊಟ್ಟಿಯನ್ನೂ ಮಾಡುತ್ತಾರೆ. ಹೊಲಕ್ಕೆ ಹೋಗಿ ಚರಗ ಚೆಲ್ಲಲು, ಅಂದರೆ ಹಬ್ಬದಡುಗೆಯನ್ನು ಭೂತಾಯಿಗೆ ಅರ್ಪಿಸಲು ಬಿಡುವಿಲ್ಲದ ನಮ್ಮಂಥ ನೌಕರಿಯವರು ಆ ವಾರ ಸಾಲು ನಿಂತು ತಿನ್ನುತ್ತಾರೆ. ಸಾಲಿನಲ್ಲಿ ನಿಂತವರ ಮಾತೆಲ್ಲ ತಂತಮ್ಮ ಊರಿನ ಹೊಲದ ಬಗ್ಗೆಯೇ ಇರುತ್ತದೆ.

ಈ ಖಾನಾವಳಿಯ ನೆಲಕ್ಕೆ ಶಹಾಬಾದಿನ ಫರಸಿ ಹಾಸಿದ್ದಾರೆ. ಇದನ್ನು ಅಲಂಕಾರಕ್ಕಾಗಿ ಹೇಳುತ್ತಿಲ್ಲ. ನೀರು ಚೆಲ್ಲಿದರೂ ಕಾಲು ಜಾರುವುದಿಲ್ಲ, ಬೇಸಿಗೆಯಲ್ಲಿ ಅಂಗಾಲಿಗೆ ತಂಪು, ಒಡೆದರೆ ಒಂದೇ ಕಲ್ಲನ್ನು ಬದಲಿಸಿದರಾಯಿತು. ನಮ್ಮ ಜಿಲ್ಲೆಯ ನೆಲದಿಂದಲೇ ತೆಗೆಯುವ ಈ ಸುಣ್ಣಕಲ್ಲನ್ನು ಬಿಟ್ಟು ಮೇಲಿನ ಮಹಡಿಗಳ ಪಡಸಾಲೆಗಳಿಗೆಲ್ಲ ಕನ್ನಡಿಯಂತೆ ಹೊಳೆಯುವ ಟೈಲ್ಸ್ ಹಾಕಿದ್ದಾರೆ. ಪ್ರತಿದಿನ ಬೆಳಿಗ್ಗೆ ಒರೆಸಿದ ನಂತರದ ಅರ್ಧ ತಾಸು ಐದನೆಯ ಮಹಡಿಯಲ್ಲಿ ನಾವು ಗೋಡೆ ಹಿಡಿದು ನಡೆಯುತ್ತೇವೆ.

ಮೊದಲ ಮಹಡಿಯ ತಹರಿ ಚೆನ್ನಾಗಿದೆ, ಶುಕ್ರವಾರ ಮಧ್ಯಾಹ್ನ ಎರಡರೊಳಗೆ ಮುಗಿದುಹೋಗುತ್ತದೆ, ಬಿರಿಯಾನಿ ಸಾಧಾರಣ. ಕಾಫಿ ಅಂಗಡಿಯ ಬಗ್ಗೆ ಬರೆಯುವಂಥದ್ದೇನೂ ಇಲ್ಲ, ಚಹಾಕ್ಕೆ ನಾವೆಲ್ಲ ರಸ್ತೆ ದಾಟಿ ಗಾಡಿಗೇ ಹೋಗುತ್ತೇವೆ. ಆರನೆಯ ಮಹಡಿಯ ರೆಸ್ಟೋರೆಂಟಿನಲ್ಲಿ ಸಂಜೆ ಏಳರ ನಂತರ ಗಾಳಿ ಹಿತವಾಗಿರುತ್ತದೆ, ಊರಿನ ದೀಪಗಳು ದೂರದವರೆಗೆ ಕಾಣಿಸುತ್ತವೆ, ಅಡುಗೆಯೂ ತಪ್ಪಿಲ್ಲ. ಆದರೆ ಬಿಲ್ಲನ್ನು ಓದಿಯೇ ಹಣ ಕೊಡಿ. ಹೋಟೆಲ್ ಊಟದ ಮೇಲಿನ ಜಿಎಸ್‌ಟಿ ಶೇ 5, ಎರಡೂವರೆ ಎರಡೂವರೆಯಾಗಿ ಎರಡು ಸಾಲಿನಲ್ಲಿ ಬರುತ್ತದೆ, ಅದು ಸರಿ. ಅದರ ಮೇಲೆ ಅಷ್ಟೇ ಮೊತ್ತದ ಸೇವಾ ಶುಲ್ಕವೆಂಬ ಮೂರನೆಯ ಸಾಲು ನನ್ನ ಬಿಲ್ಲಿನಲ್ಲಿ ಎರಡು ಬಾರಿ ಕಾಣಿಸಿಕೊಂಡಿತು. ಗ್ರಾಹಕರನ್ನು ಕೇಳದೆ ಇದನ್ನು ಬಿಲ್ಲಿಗೆ ಸೇರಿಸಬಾರದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲೇ ಮಾರ್ಗಸೂಚಿ ಹೊರಡಿಸಿದೆ, 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಎರಡು ಸಲವೂ ಹೇಳಿದೊಡನೆ ನಗುತ್ತಲೇ ತೆಗೆದರು. ಹೇಳದವರ ಬಿಲ್ಲಿನಲ್ಲಿ ಅದು ಉಳಿಯುತ್ತದೆ ಎಂಬುದೇ ನನ್ನ ಆಕ್ಷೇಪ; ಪಕ್ಕದ ಮೇಜಿನವರು ಕೊಟ್ಟು ಎದ್ದುಹೋದದ್ದನ್ನು ಕಣ್ಣಾರೆ ಕಂಡಿದ್ದೇನೆ.

ಇನ್ನು ನಡುವಿನ ನಾಲ್ಕು ಮಹಡಿಗಳು.

ಕಲಬುರಗಿ ಸುಮಾರು 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಹಾಗಾಗಿ ಮೇ ಎರಡನೆಯ ವಾರದಲ್ಲಿ ನಡುಹಗಲ ಸೂರ್ಯ ನೆತ್ತಿಯ ಮೇಲೇ ನಿಲ್ಲುತ್ತಾನೆ, ಆಗ ಬಿಸಿಲಿನ ಹೊಡೆತವೆಲ್ಲ ಮಾಳಿಗೆಗೆ. ಮೂರು ಗಂಟೆಯ ನಂತರ ಅವನು ಪಶ್ಚಿಮಕ್ಕೆ ಇಳಿದಂತೆ ಕಿರಣಗಳು ಓರೆಯಾಗಿ ನೇರ ಗೋಡೆಗೆ ಬೀಳುತ್ತವೆ. ಅಂಥ ಬಿಸಿಲಿಗೆ ಕಿಟಕಿಯ ಮೇಲಿನ ಛಜ್ಜಾ ಅಡ್ಡ ಬರುವುದಿಲ್ಲ, ನಿಲುವಾಗಿ ನಿಂತ ಮರೆಯೋ ದಪ್ಪ ಗೋಡೆಯೋ ಬೇಕು. ನಮ್ಮ ಊರಿನ ಹಳೆಯ ಮನೆಗಳನ್ನು ನೋಡಿದರೆ ಇದು ತಾನಾಗಿ ತಿಳಿಯುತ್ತದೆ: ಮೊಳ ದಪ್ಪದ ಕಲ್ಲುಗೋಡೆ, ಸಣ್ಣ ಕಿಟಕಿ, ನಡುವೆ ಅಂಗಳ. ಈ ಕಾಂಪ್ಲೆಕ್ಸಿನ ಮುಖ ಪಶ್ಚಿಮಕ್ಕಿದೆ, ಮತ್ತು ಆ ಮುಖವನ್ನೇ ತಲೆಯಿಂದ ಕಾಲಿನವರೆಗೆ ನೀಲಿ ಗಾಜಿನಿಂದ ಮುಚ್ಚಿದ್ದಾರೆ. ರಸ್ತೆಯಿಂದ ನೋಡುವವರಿಗೆ ಅದು ಬೆಂಗಳೂರಿನ ಕಟ್ಟಡದಂತೆ ಕಾಣುತ್ತದೆ. ಬೆಂಗಳೂರಿನಲ್ಲಿ ಕಲಬುರಗಿಯ ಏಪ್ರಿಲ್ ಇಲ್ಲ ಎಂಬುದು ನಕ್ಷೆ ಬರೆದವರ ಗಮನಕ್ಕೆ ಬಂದಿರಲಿಕ್ಕಿಲ್ಲ.

ಕಳೆದ ಏಪ್ರಿಲ್‌ನಲ್ಲಿ ಮೇಜಿನ ಮೇಲೆ ಒಂದು ತಾಪಮಾಪಕವನ್ನಿಟ್ಟು ಎರಡು ವಾರ ಗುರುತು ಹಾಕಿಕೊಂಡೆ. ಎಸಿಯನ್ನು 24ಕ್ಕೆ ಇಟ್ಟಿದ್ದರೂ ಸಂಜೆ ನಾಲ್ಕರ ಹೊತ್ತಿಗೆ ಗಾಜಿನ ಪಕ್ಕದ ಮೇಜಿನಲ್ಲಿ 31 ಡಿಗ್ರಿಗಿಂತ ಕೆಳಗೆ ಇಳಿದ ದಿನವೇ ಇರಲಿಲ್ಲ. ಎಸಿ ಕೆಟ್ಟಿದೆಯೆಂದು ಮೆಕ್ಯಾನಿಕ್‌ನನ್ನು ಕರೆಸಿದೆ. ಆತ ಯಂತ್ರವನ್ನು ಮುಟ್ಟುವ ಮೊದಲೇ ಹಿಂಬದಿಯಲ್ಲಿ ಬಾವಿಯಂತೆ ಕೆಳಗಿನಿಂದ ಮೇಲಿನವರೆಗೆ ಬಿಟ್ಟ ಕಿರಿದಾದ ತೆರಪನ್ನು ತೋರಿಸಿದ. ಎಲ್ಲ ಮಹಡಿಗಳ ಎಸಿಗಳ ಹೊರಪೆಟ್ಟಿಗೆಗಳನ್ನೂ ಅದರೊಳಗೆ ಒಂದರ ಮೇಲೊಂದರಂತೆ ಜೋಡಿಸಿದ್ದಾರೆ; ಕೆಳಗಿನ ಪೆಟ್ಟಿಗೆ ಉಗುಳಿದ ಬಿಸಿಗಾಳಿಯನ್ನೇ ಮೇಲಿನದು ಒಳಗೆಳೆದುಕೊಳ್ಳುತ್ತದೆ, ಐದನೆಯ ಮಹಡಿಗೆ ತಲುಪುವ ಹೊತ್ತಿಗೆ ಅದು ಒಲೆಯ ಗಾಳಿಯಾಗಿರುತ್ತದೆ. ಯಂತ್ರ ಬದಲಿಸಿದರೂ ಪ್ರಯೋಜನವಿಲ್ಲ ಎಂದು ಹೇಳಿ, ಬಂದ ಖರ್ಚನ್ನಷ್ಟೇ ತೆಗೆದುಕೊಂಡು ಹೋದ. ಇಡೀ ಕಟ್ಟಡದ ವ್ಯವಹಾರದಲ್ಲಿ ನನಗೆ ಸಿಕ್ಕ ಅತ್ಯಂತ ಪ್ರಾಮಾಣಿಕ ಸಲಹೆ ಅದು.

ಕರೆಂಟ್ ಹೋದಾಗ ಜನರೇಟರ್ ಬರುತ್ತದೆ, ಆದರೆ ಕಚೇರಿಗಳಿಗೆ ದೀಪ, ಫ್ಯಾನು ಮತ್ತು ಕಂಪ್ಯೂಟರಿನಷ್ಟೇ ಸಂಪರ್ಕ. ಎಸಿ ಇಲ್ಲ. ಗಾಜು ತೆರೆಯುವುದಿಲ್ಲ, ಮೇಲ್ಭಾಗದಲ್ಲಿ ಗೇಣಗಲದ ಒಂದು ರೆಕ್ಕೆ ಮಾತ್ರ ಹೊರಕ್ಕೆ ಬಾಗುತ್ತದೆ. ಇಪ್ಪತ್ತು ನಿಮಿಷ ಕಳೆದರೆ ನನ್ನ ಸಹಾಯಕಿ ಕಡತಗಳನ್ನೆತ್ತಿಕೊಂಡು ಮೆಟ್ಟಿಲ ಬಳಿಯ ಪಡಸಾಲೆಗೆ ಬಂದು ಕೂರುತ್ತಾಳೆ. ಪೂರ್ವ ಮತ್ತು ಉತ್ತರದ ಕೋಣೆಗಳಲ್ಲಿ ಈ ಕಷ್ಟ ಬಹಳ ಕಡಿಮೆ. ಮೂರನೆಯ ಮಹಡಿಯ ಈಶಾನ್ಯ ಮೂಲೆಯಲ್ಲಿರುವ ವಕೀಲರು ಮಾರ್ಚ್ ಕೊನೆಯವರೆಗೂ ಫ್ಯಾನಿನಲ್ಲೇ ಕಳೆಯುತ್ತಾರೆ, ಬಾಡಿಗೆಯೂ ನನಗಿಂತ ಕಡಿಮೆ, ಏಕೆಂದರೆ ಅವರಿಗೆ ರಸ್ತೆ ಕಾಣಿಸುವುದಿಲ್ಲವಂತೆ. ರಸ್ತೆ ನೋಡುವುದಕ್ಕೆ ನಾನು ತಿಂಗಳಿಗಿಷ್ಟು ಎಂದು ಕೊಡುತ್ತಿದ್ದೇನೆ ಎಂದಾಯಿತು. ಅದನ್ನೂ ಬಿಸಿಲಿಗೆ ಪರದೆ ಎಳೆದು ಮುಚ್ಚಿದ್ದೇನೆ.

ಅಡುಗೆಯ ಹೊಗೆಗೊಳವೆಗಳು ಅದೇ ಬಾವಿಯಲ್ಲಿ ಮೇಲೇರುತ್ತವೆ. ಹನ್ನೊಂದೂವರೆಗೆ ಬೆಳ್ಳುಳ್ಳಿ, ಹನ್ನೆರಡಕ್ಕೆ ಕರಿದ ಉಳ್ಳಾಗಡ್ಡಿ. ಹಸಿದವನಿಗೆ ಒಳ್ಳೆಯದೇ; ಆದರೆ ಇಲಾಖೆಗೆ ಸಲ್ಲಿಸಬೇಕಾದ ನೋಟಿಸಿನ ಉತ್ತರವನ್ನು ಲಕೋಟೆಗೆ ಹಾಕುವಾಗ ಬಿರಿಯಾನಿಯ ವಾಸನೆ ಬರುವುದು ಅಷ್ಟು ಗೌರವದ ಸಂಗತಿಯಲ್ಲ.

ಬಿಸಿಲನ್ನಾದರೂ ಸಹಿಸಬಹುದು, ನನ್ನನ್ನು ಹೆಚ್ಚು ಕಾಡಿದ್ದು ಬಾಗಿಲು. ಈ ಕಟ್ಟಡಕ್ಕೆ ಎರಡು ಪ್ರವೇಶಗಳಿವೆ. ಊಟಕ್ಕೆ ಬರುವವರಿಗೆ ರಸ್ತೆಯ ಕಡೆಗೆ ಅಗಲವಾದ ಮೆಟ್ಟಿಲು, ಇಳಿಜಾರು, ಬಾಗಿಲು ತೆಗೆದು ನಮಸ್ಕರಿಸುವ ಒಬ್ಬ ವ್ಯಕ್ತಿ. ಕಚೇರಿಗಳಿಗೆ ಬರುವವರಿಗೆ ಪಕ್ಕದ ಓಣಿಯಲ್ಲಿ ಒಂದು ಮೇಜು, ಒಂದು ಟ್ಯಾಬ್ಲೆಟ್, ಒಬ್ಬ ಗಾರ್ಡ್. ಹೆಸರು, ಮೊಬೈಲ್ ಸಂಖ್ಯೆ ಹೇಳಿ, ಬಂದ ಒಟಿಪಿ ತಿಳಿಸಿ, ಫೋಟೋ ತೆಗೆಸಿಕೊಂಡ ಮೇಲೆ ಲಿಫ್ಟ್. ನನ್ನಲ್ಲಿಗೆ ಬರುವವರಲ್ಲಿ ಅರ್ಧದಷ್ಟು ಜನ ಜೇವರ್ಗಿ, ಅಫಜಲಪುರ, ಚಿತ್ತಾಪುರದ ಕಡೆಯ ರೈತರು ಮತ್ತು ಸಣ್ಣ ದಾಲ್ ಮಿಲ್ಲಿನವರು. ರಸ್ತೆಗೆ ಹೋದ ಹೊಲದ ಪರಿಹಾರದ ಹಣದಲ್ಲಿ ಕಡಿತವಾದ ತೆರಿಗೆಯನ್ನು ಮರಳಿ ಪಡೆಯುವ ಕೆಲಸಕ್ಕೆಂದು ಜೇವರ್ಗಿ ಕಡೆಯ ಹಿರಿಯರೊಬ್ಬರು ಒಮ್ಮೆ ಬಂದಿದ್ದರು. ಹೊತ್ತಾದರೂ ಬರಲಿಲ್ಲವೆಂದು ನಾನೇ ಕೆಳಗಿಳಿದಾಗ, ಅವರು ಗುಂಡಿಯ ಫೋನನ್ನು ಕೈಯಲ್ಲಿ ಹಿಡಿದು ಮೇಜಿನ ಮುಂದೆ ನಿಂತಿದ್ದರು.

“ಫೋನಿಗಿ ಒಂದು ನಂಬರ್ ಬರ್ತದ ನೋಡ್ರಿ ಮುತ್ಯಾ, ಅದು ಹೇಳ್ರಿ,” ಎಂದು ಗಾರ್ಡ್ ಮೂರನೆಯ ಸಲವೋ ನಾಲ್ಕನೆಯ ಸಲವೋ ಹೇಳುತ್ತಿದ್ದ.

“ನಂಬರ್ ಓದ್ಲಾಕ ಬರ್ತಿದ್ರ ನಾ ಇಲ್ಲಿಗಿ ಯಾಕ ಬರ್ತಿದ್ದೆ ತಮ್ಮಾ,” ಎಂದರು ಅವರು.

ಗಾರ್ಡ್‌ನ ತಪ್ಪೇನೂ ಇರಲಿಲ್ಲ; ಒಟಿಪಿ ಇಲ್ಲದೆ ಬಿಟ್ಟರೆ ಅವನ ಪಗಾರದಲ್ಲಿ ಕಡಿತವಂತೆ. ನಾನು ನಿರ್ವಹಣೆಯವರಿಗೆ ಬರೆದು, ಟ್ಯಾಬ್ಲೆಟ್ ಜೊತೆಗೆ ಒಂದು ಸಾದಾ ರಿಜಿಸ್ಟರನ್ನೂ ಇಡುವಂತೆ ಕೇಳಿಕೊಂಡೆ. ಮೂರು ತಿಂಗಳ ನಂತರ ರಿಜಿಸ್ಟರ್ ಬಂತು, ಅದಕ್ಕೆ ದಾರ ಕಟ್ಟಿದ ಪೆನ್ನೂ ಬಂತು. ಗಾರ್ಡ್ ಬದಲಾದಾಗಲೆಲ್ಲ ಹೊಸಬನಿಗೆ ಅದರ ಬಗ್ಗೆ ಮತ್ತೆ ನಾವೇ ಹೇಳಬೇಕು, ಅಷ್ಟೇ.

ಲಿಫ್ಟುಗಳು ಎರಡು, ಒಂದೊಂದಕ್ಕೆ ಹತ್ತು ಜನ, 680 ಕಿಲೊ. ಏಳು ಅಂತಸ್ತಿಗೆ ಸಾಕಾಗಬೇಕಿತ್ತು. ಆದರೆ ಸರಕಿಗೆ ಬೇರೆ ಲಿಫ್ಟ್ ಇಲ್ಲದ್ದರಿಂದ ಆರನೆಯ ಮಹಡಿಯ ರೆಸ್ಟೋರೆಂಟಿನ ಗ್ಯಾಸ್ ಒಲೆಯಿಂದ ಹಿಡಿದು ತರಕಾರಿ ಬುಟ್ಟಿ, ನೀರಿನ ಕ್ಯಾನುಗಳವರೆಗೆ ಎಲ್ಲವೂ ಇವುಗಳಲ್ಲೇ ಏರುತ್ತವೆ, ಅದೂ ಬೆಳಿಗ್ಗೆ ಹತ್ತೂವರೆಗೆ, ಕಚೇರಿಯವರೂ ಕೋಚಿಂಗ್ ಹುಡುಗರೂ ಒಟ್ಟಿಗೆ ಬರುವ ಹೊತ್ತಿಗೆ. ಲ್ಯಾಬಿಗೆ ಉಪವಾಸದಲ್ಲಿ ಬಂದ ಸಕ್ಕರೆ ಕಾಯಿಲೆಯವರು ಮೂಲಂಗಿ ಬುಟ್ಟಿಯ ಪಕ್ಕ ನಿಂತು ಮೇಲೇರುವುದನ್ನು ನೋಡಿದ್ದೇನೆ. ಸರಕಿನ ಸಮಯವನ್ನು ಒಂಬತ್ತಕ್ಕೆ ಮೊದಲು ಎಂದು ನಿಗದಿ ಮಾಡಿದರೆ ಒಂದು ರೂಪಾಯಿ ಖರ್ಚಿಲ್ಲದೆ ಇದು ಮುಗಿಯುತ್ತದೆ.

ಮೆಟ್ಟಿಲ ವಿಷಯ ಇದಕ್ಕಿಂತ ಗಂಭೀರ. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ 15 ಮೀಟರ್ ಅಥವಾ ಅದಕ್ಕೂ ಎತ್ತರದ ಕಟ್ಟಡವು ಬಹುಮಹಡಿ ವರ್ಗಕ್ಕೆ ಸೇರುತ್ತದೆ. ಅಂಥ ಕಡೆ ತುರ್ತು ನಿರ್ಗಮನದ ಹಾದಿ ಯಾವಾಗಲೂ ತೆರವಾಗಿರಬೇಕು, ಬಾಗಿಲು ಒಳಗಿನಿಂದ ಕೀಲಿಯಿಲ್ಲದೆ ತೆರೆಯಬೇಕು. ಇಲ್ಲಿ ಎರಡನೆಯ ಮೆಟ್ಟಿಲಿನ ಸಾಲು ಇದೆ, ಅಗಲವೂ ಸಾಕಷ್ಟಿದೆ, ಬಾಗಿಲಿಗೆ ಕೀಲಿಯೂ ಇಲ್ಲ. ಆದರೆ ಐದು ಮತ್ತು ಆರನೆಯ ಮಹಡಿಗಳ ನಡುವಿನ ತಿರುವಿನಲ್ಲಿ ಔತಣಕೂಟದ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸಿಡುತ್ತಾರೆ. ದೂರು ಕೊಟ್ಟರೆ ಎರಡು ದಿನದಲ್ಲಿ ತೆಗೆಯುತ್ತಾರೆ. ಮುಂದಿನ ಮದುವೆ ಮುಹೂರ್ತದ ಹೊತ್ತಿಗೆ ಮತ್ತೆ ಅಲ್ಲೇ ಇರುತ್ತವೆ. ಮೇಲೆ ಊಟಕ್ಕೆ ಹೋಗುವವರು ಕೈತೊಳೆಯುವ ನೆಪದಲ್ಲಿ ಒಮ್ಮೆ ಆ ಬಾಗಿಲು ತಳ್ಳಿ ನೋಡಿ, ಕುರ್ಚಿ ಕಂಡರೆ ಮ್ಯಾನೇಜರ್‌ಗೆ ಹೇಳಿ. ಬಾಡಿಗೆದಾರ ಹತ್ತು ಸಲ ಹೇಳುವುದಕ್ಕಿಂತ ಗಿರಾಕಿ ಒಮ್ಮೆ ಹೇಳಿದರೆ ಅಲ್ಲಿ ಬೇಗ ನಡೆಯುತ್ತದೆ.

ಹಣದ ಲೆಕ್ಕ ನನ್ನ ಕಸುಬಾದ್ದರಿಂದ ಅದನ್ನು ಬಿಡುವಂತಿಲ್ಲ. ಒಪ್ಪಂದದಲ್ಲಿ ನನ್ನ ಕೋಣೆ 600 ಚದರ ಅಡಿ. ಟೇಪ್ ಹಿಡಿದು ಗೋಡೆಯಿಂದ ಗೋಡೆಗೆ ಅಳೆದರೆ 412. ಉಳಿದದ್ದು ಪಡಸಾಲೆ, ಲಿಫ್ಟು, ಮೆಟ್ಟಿಲುಗಳಲ್ಲಿ ನನ್ನ ಪಾಲಂತೆ. ಈ ಪದ್ಧತಿ ಎಲ್ಲ ಕಡೆಯೂ ಇದೆ, ಸಹಿ ಹಾಕುವ ಮೊದಲು ಅಳೆಯದಿದ್ದದ್ದು ನನ್ನ ತಪ್ಪು. ಆದರೆ ನಿರ್ವಹಣಾ ವೆಚ್ಚವನ್ನೂ ಅದೇ 600ಕ್ಕೆ ಹಾಕುತ್ತಾರೆ, ಅದರ ಮೇಲೆ ಶೇ 18 ಜಿಎಸ್‌ಟಿ. ನೀರು, ಲಿಫ್ಟು, ಕಸ ವಿಲೇವಾರಿ ಎಲ್ಲವನ್ನೂ ವಿಸ್ತೀರ್ಣದ ಮೇಲೆ ಹಂಚುವುದರಿಂದ, ಬೇಸಿಗೆಯಲ್ಲಿ ಟ್ಯಾಂಕರ್ ತರಿಸುವಾಗ, ದಿನಕ್ಕೆ ಎರಡು ಕೊಡ ನೀರು ಬಳಸದ ಕಚೇರಿಯೂ ದಿನವಿಡೀ ಪಾತ್ರೆ ತೊಳೆಯುವ ಅಡುಗೆಮನೆಯೂ ಒಂದೇ ದರ ಕಟ್ಟುತ್ತವೆ. ಹೋಟೆಲುಗಳಿಗೆ ಬೇರೆ ನೀರಿನ ಮೀಟರ್ ಹಾಕಿ ಎಂದು ನಾವು ಹನ್ನೆರಡು ಬಾಡಿಗೆದಾರರು ಸಹಿ ಮಾಡಿ ಕೊಟ್ಟ ಪತ್ರಕ್ಕೆ ಸ್ವೀಕೃತಿ ಮಾತ್ರ ಬಂದಿದೆ. ನಿಮ್ಮಲ್ಲಿ ಜಿಎಸ್‌ಟಿ ನೋಂದಣಿ ಇದ್ದರೆ ಆ ಶೇ 18ನ್ನು ಇನ್‌ಪುಟ್ ತೆರಿಗೆ ಜಮೆಯಾಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಂಡು, ಹಿಂಪಡೆಯಬಹುದು, ಇಲ್ಲದವರಿಗೆ ಅದು ಪೂರ್ತಿ ಖರ್ಚು. ಬಾಡಿಗೆ ಹೋಲಿಸುವಾಗ ಇದನ್ನು ಸೇರಿಸಿಯೇ ಹೋಲಿಸಬೇಕು.

ಪಾರ್ಕಿಂಗ್ ಹಗಲಿನಲ್ಲಿ ಸಾಕಾಗುತ್ತದೆ. ಸಂಜೆ ಏಳರ ನಂತರ ಮತ್ತು ಭಾನುವಾರ ಕಾರು ತರಬೇಡಿ, ಆಟೋದಲ್ಲಿ ಬನ್ನಿ. ಶೌಚಾಲಯಗಳು ಸ್ವಚ್ಛವಾಗಿವೆ, ಇದನ್ನು ಮನಸಾರೆ ಹೇಳುತ್ತೇನೆ. ಬೆಳಿಗ್ಗೆ ಆರಕ್ಕೆ ಬಂದು ಏಳು ಅಂತಸ್ತನ್ನೂ ತೊಳೆಯುವ ಮೂವರು ಹೆಂಗಸರ ದುಡಿಮೆಯದು.

ಈ ತಿಂಗಳ ಕೊನೆಗೆ ನನ್ನ ಎರಡನೆಯ ಒಪ್ಪಂದ ಮುಗಿಯುತ್ತದೆ. ಮೂರನೆಯ ಮಹಡಿಯಲ್ಲಿ ಉತ್ತರಕ್ಕಿರುವ ಒಂದು ಕೋಣೆ ಖಾಲಿಯಾಗಿದೆ, ರಸ್ತೆ ಕಾಣಿಸುವುದಿಲ್ಲ, ಹಿಂದಿನ ಬೇವಿನ ಮರ ಕಾಣಿಸುತ್ತದೆ. ನಿನ್ನೆ ಟೇಪ್ ತೆಗೆದುಕೊಂಡು ಹೋಗಿ ಅಳೆದುಬಂದೆ: ಹೇಳಿದ್ದು 550, ಇದ್ದದ್ದು 396. ಮಾಲೀಕರು ಕರಾರಿನಲ್ಲಿ 396 ಎಂದೇ ಬರೆಯಲು ಒಪ್ಪಿದ್ದಾರೆ. ನಿರ್ವಹಣೆಯವರು ಇನ್ನೂ ಒಪ್ಪಿಲ್ಲ. ಒಪ್ಪುವವರೆಗೆ ಮುಂಗಡ ಕೊಡುವುದಿಲ್ಲವೆಂದು ಹೇಳಿ, ಕೆಳಗಿಳಿದು ರೊಟ್ಟಿ ಊಟ ಮುಗಿಸಿ ಮನೆಗೆ ಹೋದೆ.